ಎರಡು ಎಸೆತಗಳ ನಡುವಿನ ಬಿಡುವು

ನಾನು ಬೇಸ್‌ಬಾಲ್ ಕಲಿತದ್ದು ಆಟ ನಡೆಯುತ್ತಿದ್ದಾಗ ಅಲ್ಲ, ಆಟ ನಿಂತಿದ್ದಾಗ. ತೊಂಬತ್ತರ ದಶಕದ ಕೊನೆಯಲ್ಲಿ ಕೆಲಸದ ನಿಮಿತ್ತ ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದು ನೆಲೆಸಿದ ನನಗೆ ಕ್ರಿಕೆಟ್ ಬಿಟ್ಟರೆ ಬೇರೆ ಚೆಂಡಾಟದ ಗಂಧವಿರಲಿಲ್ಲ. ವಾರದ ನಡುವಿನ ರಾತ್ರಿಯ ಟಿಕೆಟ್ಟು ಸಿನಿಮಾ ಟಿಕೆಟ್ಟಿಗಿಂತ ಅಗ್ಗವಾಗಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಬಾರ್ಟ್ ರೈಲು ಹತ್ತಿ ಓಕ್ಲ್ಯಾಂಡಿನ ಅಥ್ಲೆಟಿಕ್ಸ್ ತಂಡದ ಕೊಲಿಸಿಯಂ ಮೈದಾನಕ್ಕೆ ಹೋಗತೊಡಗಿದೆ. ನಿಲ್ದಾಣದಿಂದ ಮೈದಾನಕ್ಕೆ ಒಯ್ಯುವ ಕಾಲುಸೇತುವೆಯ ಮೇಲೆ ಸಿಪ್ಪೆ ಕಡಲೆಕಾಯಿ ಮಾರುವವರಿದ್ದರು. ಮನೆಯ ತಿಂಡಿಯನ್ನು ಒಳಗೆ ಒಯ್ಯಲು ಅಡ್ಡಿಯಿರಲಿಲ್ಲವಾದ್ದರಿಂದ ನನ್ನ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ಚಿತ್ರಾನ್ನ ತಪ್ಪದೆ ಇರುತ್ತಿತ್ತು. ಬಾಗಿಲಲ್ಲಿ ಮುಚ್ಚಳ ತೆಗೆಸಿ, ಅದರ ಹಳದಿ ಬಣ್ಣವನ್ನು ಅನುಮಾನದಿಂದ ನೋಡಿ, ಒಳಗೆ ಬಿಡುತ್ತಿದ್ದರು.

ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವರು ಅಂಚೆ ಇಲಾಖೆಯಿಂದ ನಿವೃತ್ತರಾಗಿದ್ದ ಒಬ್ಬ ಅಜ್ಜ. ಅವರ ಮಡಿಲಲ್ಲಿ ಸದಾ ಒಂದು ಸ್ಕೋರ್ ಕಾರ್ಡು, ಕಿವಿಯ ಹಿಂದೆ ಮೋಟು ಪೆನ್ಸಿಲು. ಕಾರ್ಡಿನ ತುಂಬ ಚಿಕ್ಕ ಚಿಕ್ಕ ಚೌಕಗಳು, ಒಂದೊಂದು ಚೌಕದಲ್ಲಿಯೂ ಓಟಗಾರ ಸುತ್ತಿ ಬರಬೇಕಾದ ನಾಲ್ಕು ಬೇಸ್‌ಗಳ ಒಂದು ವಜ್ರಾಕೃತಿ. ಬ್ಯಾಟರ್ ಒಂದು ಬೇಸ್ ದಾಟಿದರೆ ಒಂದು ಗೆರೆ, ಹೊರಟ ಜಾಗವಾದ ಮನೆ ಮುಟ್ಟಿ ರನ್ ಗಳಿಸಿದರೆ ಇಡೀ ವಜ್ರಕ್ಕೆ ಕಪ್ಪು ಬಣ್ಣ. ಮೂರು ಸ್ಟ್ರೈಕ್‌ಗೆ, ಅಂದರೆ ಹೊಡೆಯಬೇಕಾಗಿದ್ದ ಮೂರು ಎಸೆತ ತಪ್ಪಿಸಿಕೊಂಡು, ಔಟಾದರೆ ಇಂಗ್ಲಿಷಿನ ಕೆ ಅಕ್ಷರ. ಬ್ಯಾಟನ್ನು ಬೀಸದೆ ಸುಮ್ಮನೆ ನಿಂತು ಔಟಾದವನಿಗೆ ಅದೇ ಅಕ್ಷರ ತಿರುವುಮುರುವಾಗಿ. ಒಬ್ಬ ಮನುಷ್ಯನ ನಾಚಿಕೆಗೇಡನ್ನು ಒಂದು ಅಕ್ಷರವನ್ನು ತಿರುಗಿಸಿ ದಾಖಲಿಸಬಹುದೆಂದು ನನಗೆ ತಿಳಿದದ್ದು ಅಂದೇ. ಚೆಂಡೆಸೆಯುವ ಪಿಚರ್ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿರುವಾಗ, ಬ್ಯಾಟರ್ ಕೈಗವಸಿನ ಪಟ್ಟಿಯನ್ನು ಬಿಚ್ಚಿ ಕಟ್ಟುತ್ತಿರುವಾಗ, ಬ್ಯಾಟರನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ನಡೆದು ಹೋಗಿ ಪಿಚರನ ಕಿವಿಯಲ್ಲಿ ಏನನ್ನೋ ಊದುತ್ತಿರುವಾಗ, ಅಜ್ಜ ನನಗೆ ಇಡೀ ಶಾಸ್ತ್ರವನ್ನು ಉಪದೇಶಿಸಿದರು. 2013ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯವರು ನಿಲ್ಲಿಸುಗಡಿಯಾರ ಹಿಡಿದು ಕುಳಿತು, ಮೂರು ಗಂಟೆಯ ಪಂದ್ಯದಲ್ಲಿ ನಿಜವಾಗಿ ಆಟವೆನ್ನಬಹುದಾದದ್ದು ಸುಮಾರು 18 ನಿಮಿಷ ಮಾತ್ರ ಎಂದು ಲೆಕ್ಕ ಹಾಕಿದ್ದರು. ಅವರು ಅದನ್ನು ಕೊರತೆಯೆಂದು ಬರೆದಿದ್ದಿರಬಹುದು. ನನ್ನ ಮಟ್ಟಿಗೆ ಆ ಉಳಿದ ಎರಡೂ ಮುಕ್ಕಾಲು ಗಂಟೆಯೇ ನಾನು ದುಡ್ಡು ಕೊಟ್ಟು ಕೊಂಡ ಸರಕು.

ಈಗ ಬೇಸ್‌ಬಾಲ್ ಅಭಿಮಾನಿಗಳು ಇಬ್ಬರು ಸೇರಿದರೆ ಮೂರನೆಯ ಮಾತಿಗೆ ಶುರುವಾಗುವ ದೂರುಗಳೆಲ್ಲ, ಸ್ವಲ್ಪ ಕೆದಕಿ ನೋಡಿದರೆ, ಈ ಬಿಡುವಿನ ಲೆಕ್ಕಕ್ಕೇ ಬಂದು ನಿಲ್ಲುತ್ತವೆ ಎಂದು ನನ್ನ ಅನಿಸಿಕೆ. ಗಡಿಯಾರದ ಹಂಗಿಲ್ಲದ ಆಟ ಎಂಬುದು ಇವರ ದೊಡ್ಡ ಹೆಮ್ಮೆಯಾಗಿತ್ತು. ಎರಡೂ ತಂಡಗಳು ಒಂದೊಂದು ಸಲ ಬ್ಯಾಟು ಹಿಡಿದರೆ ಒಂದು ಇನಿಂಗ್. 2021ರ ಹೊತ್ತಿಗೆ ಒಂಬತ್ತು ಇನಿಂಗ್‌ಗಳ ಪಂದ್ಯ ಸರಾಸರಿ 3 ಗಂಟೆ 10 ನಿಮಿಷಕ್ಕೆ ಹಿಗ್ಗಿತ್ತು. ಇಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಸ್ಪರ್ಧೆಯಾದ ಮೇಜರ್ ಲೀಗಿನ ಆಡಳಿತದವರು 2023ರಲ್ಲಿ ಮೈದಾನಕ್ಕೆ ಗಡಿಯಾರವನ್ನು ತಂದು ನಿಲ್ಲಿಸಿದರು. ಬೇಸ್‌ಗಳು ಖಾಲಿಯಿದ್ದರೆ ಪಿಚರ್ 15 ಸೆಕೆಂಡಿನೊಳಗೆ ಎಸೆತ ಆರಂಭಿಸಬೇಕು, ಯಾರಾದರೂ ಬೇಸ್ ಮೇಲಿದ್ದರೆ 20 ಸೆಕೆಂಡು. ಅದೂ ಧಾರಾಳವಾಯಿತೆಂದು ಮರುವರ್ಷ 18ಕ್ಕೆ ಇಳಿಸಿದರು. ಪಿಚರ್ ತಡಮಾಡಿದರೆ ಕೆಟ್ಟ ಎಸೆತವೆಂದು ಒಂದು ಬಾಲ್, ಬ್ಯಾಟರ್ ತಡಮಾಡಿದರೆ ಒಂದು ಸ್ಟ್ರೈಕ್. ಒಂದೇ ವರ್ಷದಲ್ಲಿ ಪಂದ್ಯ ಸರಾಸರಿ 2 ಗಂಟೆ 40 ನಿಮಿಷಕ್ಕೆ ಇಳಿಯಿತು.

ಇಲ್ಲಿ ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಅಜ್ಜ ಗಡಿಯಾರವನ್ನು ಶಪಿಸುವಾಗ ನಾನು ತಲೆಯಾಡಿಸುತ್ತಿದ್ದೆನಾದರೂ, ಹತ್ತು ಗಂಟೆಯ ರೈಲಿಗೆ ನಿಲ್ದಾಣದಲ್ಲಿರುವುದು ಸಾಧ್ಯವಾದದ್ದು ನನಗೆ ಒಳಗೊಳಗೇ ಹಿತವಾಗಿತ್ತು. ಕೈಗವಸನ್ನು ಎಸೆತಕ್ಕೊಮ್ಮೆ ಬಿಚ್ಚಿ ಕಟ್ಟುವ ಬ್ಯಾಟರನ ಮೇಲೆ ನನಗೇನೂ ಅಂಥ ಪ್ರೀತಿಯಿರಲಿಲ್ಲ. ಆದರೆ ಅಜ್ಜನ ಲೆಕ್ಕ ಬೇರೆಯಾಗಿತ್ತು. ಒಂದು ದಿನ ಅವರು ಕಾರ್ಡಿನ ಅಂಚಿನಲ್ಲಿ ಪೆನ್ಸಿಲಿನಿಂದಲೇ ಗುಣಾಕಾರ ಮಾಡಿ ತೋರಿಸಿದರು. ಒಂಬತ್ತು ಇನಿಂಗ್‌ಗಳಲ್ಲಿ ತಂಡಗಳು ಸ್ಥಾನ ಬದಲಿಸುವ ವಿರಾಮ ಕಡಿಮೆಯೆಂದರೂ ಹದಿನಾರು. ಒಂದೊಂದಕ್ಕೆ ಎರಡೂಕಾಲು ನಿಮಿಷ. ಒಟ್ಟು 36 ನಿಮಿಷ. ಅಷ್ಟೂ ಹೊತ್ತು ಟಿವಿಯಲ್ಲಿ ಜಾಹೀರಾತು. "ಆಟಗಾರನ ಸೆಕೆಂಡುಗಳನ್ನು ಎಣಿಸಿದರು, ಈ ನಿಮಿಷಗಳನ್ನು ಯಾಕೆ ಮುಟ್ಟಲಿಲ್ಲ ಹೇಳಿ ನೋಡೋಣ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನನ್ನ ಡಬ್ಬಿಯಿಂದ ಒಂದು ಚಮಚ ಚಿತ್ರಾನ್ನ ತೆಗೆದುಕೊಂಡರು. ಉತ್ತರ ಇಬ್ಬರಿಗೂ ಗೊತ್ತಿತ್ತು. ಮಾರಾಟವಾಗದ ಬಿಡುವಿಗೆ ಕತ್ತರಿ ಬಿತ್ತು, ಮಾರಾಟವಾಗುವ ಬಿಡುವು ಹಾಗೆಯೇ ಉಳಿಯಿತು. 2023ರಲ್ಲೇ ಮಿಲ್ವಾಕಿ, ಟೆಕ್ಸಸ್, ಮಿನ್ನೆಸೋಟ ಮುಂತಾದ ತಂಡಗಳು, ಏಳನೆಯ ಇನಿಂಗಿಗೆ ಮುಚ್ಚುತ್ತಿದ್ದ ಬಿಯರ್ ಮಾರಾಟವನ್ನು ಎಂಟನೆಯದರವರೆಗೆ ವಿಸ್ತರಿಸಿದವು. ಆಟ ಬೇಗ ಮುಗಿದು ಎಲ್ಲರಿಗೂ ಹೊತ್ತು ಉಳಿದಿರುವಾಗ ವ್ಯಾಪಾರಕ್ಕೆ ಮಾತ್ರ ಹೊತ್ತು ಸಾಲದೆ ಹೋಯಿತು ನೋಡಿ.

ನಮ್ಮ ತೀರ್ಥಹಳ್ಳಿಯ ಕಡೆ ಬೆಳಗಿನವರೆಗೆ ನಡೆಯುತ್ತಿದ್ದ ಯಕ್ಷಗಾನಕ್ಕೆ ಕಾಲಮಿತಿ ಬಂದಾಗ ಹಿರಿಯರು ಗೊಣಗಿದ್ದು ನನಗೆ ನೆನಪಿದೆ. ಆದರೆ ಅಲ್ಲಿ ಕತ್ತರಿ ಬಿದ್ದದ್ದು ಪ್ರಸಂಗಕ್ಕೆ. ನಡುರಾತ್ರಿಯ ನಿದ್ದೆಗಣ್ಣಿಗೆ ಚಹಾ ಕೊಡುತ್ತಿದ್ದ ಅಂಗಡಿಯವನೂ ಗಿರಾಕಿಯನ್ನು ಕಳೆದುಕೊಂಡ. ನಷ್ಟ ಎಲ್ಲರಿಗೂ ಹಂಚಿಕೆಯಾಗಿತ್ತೆಂಬುದೇ ಒಂದು ಸಮಾಧಾನ.

ಸಮಯದಂತೆಯೇ ಖಾಲಿ ಜಾಗವೂ ಲೀಗಿನವರ ಕಣ್ಣಿಗೆ ಬೀಳದೆ ಇರಲಿಲ್ಲ. ನ್ಯೂಯಾರ್ಕ್ ಯಾಂಕೀಸ್ ತಂಡದ ಗೆರೆಗೆರೆಯ ಅಂಗಿಯ ಬೆನ್ನ ಮೇಲೆ ಆಟಗಾರನ ಹೆಸರಿರುವುದಿಲ್ಲ, ಬರೀ ಸಂಖ್ಯೆ. ತಂಡದ ಮುಂದೆ ಯಾವ ಆಟಗಾರನೂ ದೊಡ್ಡವನಲ್ಲ ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಆ ತಂಡದ ಹಳೆಯ ದಿಗ್ಗಜ ಬೇಬ್ ರೂತನ ಹೆಸರಿಗೆ ಸಿಗದ ಜಾಗ ಆ ಅಂಗಿಯ ತೋಳಿನ ಮೇಲೆ 2023ರಲ್ಲಿ ಒಂದು ವಿಮಾ ಕಂಪನಿಯ ಹೆಸರಿಗೆ ಸಿಕ್ಕಿತು. ಎಲ್ಲ ತಂಡಗಳಿಗೂ ತೋಳನ್ನು ಮಾರುವ ಅನುಮತಿ ಬಂದದ್ದು ಆ ವರ್ಷವೇ. ಆಟಗಾರ ಬಲಗೈ ಬ್ಯಾಟರೋ ಎಡಗೈ ಬ್ಯಾಟರೋ ಎಂದು ನೋಡಿಕೊಂಡು, ಕ್ಯಾಮೆರಾಗೆ ಕಾಣುವ ತೋಳಿಗೇ ಪಟ್ಟಿಯನ್ನು ಹೊಲಿಯುತ್ತಾರೆಂದು ತಿಳಿದಾಗ ಆ ದರ್ಜಿಯ ಶ್ರದ್ಧೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಮೈದಾನಗಳ ಹೆಸರಿನ ಕಥೆ ಇನ್ನೂ ಸ್ವಾರಸ್ಯದ್ದು. ಕೊಲ್ಲಿಯ ಆಚೆಯ ದಡದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಚೆಂದದ ಮೈದಾನವಿದೆ. 2000ದಲ್ಲಿ ಬಾಗಿಲು ತೆರೆದಾಗ ಅದರ ಹೆಸರು ಪೆಸಿಫಿಕ್ ಬೆಲ್, 2004ರಲ್ಲಿ ಎಸ್‌ಬಿಸಿ, 2006ರಲ್ಲಿ ಎಟಿ ಅಂಡ್ ಟಿ, 2019ರಿಂದ ಒರಾಕಲ್. ಯಾರು ಯಾವ ಹೆಸರಿನಿಂದ ಕರೆಯುತ್ತಾರೆಂಬುದರ ಮೇಲೆ ಅವರು ಈ ಊರಿಗೆ ಬಂದ ವರ್ಷವನ್ನು ಹೇಳಿಬಿಡಬಹುದು. ಹ್ಯೂಸ್ಟನ್ನಿನಲ್ಲಿ ಅದೇ 2000ದಲ್ಲಿ ತೆರೆದ ಮೈದಾನಕ್ಕೆ ಎನ್ರಾನ್ ಹೆಸರಿತ್ತು. ದಾಭೋಲ್ ವಿದ್ಯುತ್ ಯೋಜನೆಯ ಗಲಾಟೆಯ ಕಾಲದಲ್ಲಿ ಪತ್ರಿಕೆ ಓದುತ್ತಿದ್ದ ಯಾವ ಕನ್ನಡಿಗನಿಗೂ ಆ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಕಂಪನಿ 2001ರಲ್ಲಿ ದಿವಾಳಿಯೆದ್ದಾಗ, ತನ್ನದೇ ಮೈದಾನದ ನೆತ್ತಿಯಿಂದ ಆ ಹೆಸರನ್ನು ಇಳಿಸಲು ತಂಡವೇ 21 ಲಕ್ಷ ಡಾಲರ್ ತೆರಬೇಕಾಯಿತು. ಆಮೇಲೆ ಅಲ್ಲಿಗೆ ಹಣ್ಣಿನ ರಸದ ಹೆಸರು ಬಂತು, 2025ರಿಂದ ಏರ್ ಕಂಡಿಷನರಿನ ಹೆಸರು.

ಹಾಗೆಂದು ಹಿಂದೆಲ್ಲ ಇದು ಮಡಿಯುಟ್ಟ ಆಟವಾಗಿತ್ತೆಂದು ಹೇಳಿದರೆ ನಾನು ಒಪ್ಪಲಾರೆ. ಎಲ್ಲರೂ ಪುಣ್ಯಕ್ಷೇತ್ರವೆಂಬಂತೆ ಮಾತನಾಡುವ ಷಿಕಾಗೊದ ರಿಗ್ಲಿ ಮೈದಾನಕ್ಕೆ ಆ ಹೆಸರು ಬಂದದ್ದು ಅದರ ಒಡೆಯನಿಂದ, ಆತ ಮಾರುತ್ತಿದ್ದದ್ದು ಚ್ಯೂಯಿಂಗ್ ಗಮ್. ಬ್ರೂಕ್ಲಿನ್ನಿನ ಡಾಡ್ಜರ್ಸ್ 1957ರ ಋತು ಮುಗಿಯುತ್ತಲೇ ಲಾಸ್ ಏಂಜಲೀಸಿಗೆ ಗಂಟುಮೂಟೆ ಕಟ್ಟಿದ್ದೂ ಗಾಳಿ ಬದಲಾವಣೆಗಲ್ಲ. ಅಜ್ಜನ ಮುಂದೆ ಒಮ್ಮೆ ಈ ವಾದವನ್ನು ಹೂಡಿದ್ದೆ. ಅವರು ಕಡಲೆಕಾಯಿ ಸಿಪ್ಪೆಯನ್ನು ಕಾಲ ಬಳಿ ಉದುರಿಸುತ್ತ, "ಆಗ ಗೋಡೆಯನ್ನು ಮಾರುತ್ತಿದ್ದರು, ಈಗ ನಾನು ಸುಮ್ಮನೆ ಕೂತಿರುವುದನ್ನು ಮಾರುತ್ತಿದ್ದಾರೆ" ಎಂದರು. ನನಗೆ ಆಗ ಉತ್ತರ ಹೊಳೆಯಲಿಲ್ಲ, ಈಗಲೂ ಇಲ್ಲ.

ಅವರ ನಿಜವಾದ ವೈರಿ ಗಡಿಯಾರವೂ ಅಲ್ಲ, ಒಬ್ಬ ಓಟಗಾರ. ಪಂದ್ಯ ಸಮವಾಗಿ ಹತ್ತನೆಯ ಇನಿಂಗಿಗೆ ಹೋದರೆ, ಬ್ಯಾಟು ಹಿಡಿಯದೆ, ಚೆಂಡನ್ನು ನೋಡದೆ, ಒಬ್ಬ ಆಟಗಾರ ನೇರವಾಗಿ ಎರಡನೆಯ ಬೇಸ್ ಮೇಲೆ ಹೋಗಿ ನಿಲ್ಲುತ್ತಾನೆ. ಪಂದ್ಯ ಬೇಗ ಮುಗಿಯಲೆಂದು 2020ರ ಕೊರೊನಾ ಕಾಲದಲ್ಲಿ ಬಂದ ಈ ಏರ್ಪಾಡು 2023ರಲ್ಲಿ ಕಾಯಂ ಆಯಿತು. ಅಭಿಮಾನಿಗಳು ಅವನಿಗೆ ದೆವ್ವವೆಂದು ಹೆಸರಿಟ್ಟಿದ್ದಾರೆ. ಅವನು ಮನೆ ಮುಟ್ಟಿದರೆ ಆ ರನ್ನನ್ನು ಪಿಚರ್ ತನ್ನ ತಪ್ಪಿನಿಂದ ಕೊಟ್ಟ ರನ್ನುಗಳ ('ಅರ್ನ್ಡ್ ರನ್') ಲೆಕ್ಕಕ್ಕೆ ಬರೆಯುವಂತಿಲ್ಲ. ಕ್ಷೇತ್ರರಕ್ಷಣೆಯ ತಪ್ಪಿನಿಂದ ಬೇಸ್ ತಲುಪಿದವನೆಂದು ಅವನನ್ನು ಭಾವಿಸಬೇಕು, ಆದರೆ ಆ ತಪ್ಪನ್ನು ಯಾರ ಹೆಸರಿಗೂ ಹಾಕಕೂಡದು ಎನ್ನುತ್ತದೆ ನಿಯಮ. ಯಾರೂ ಮಾಡದ ತಪ್ಪಿನಿಂದ ಬಂದ, ಎಲ್ಲಿಂದಲೂ ಹೊರಡದ ಈ ಮನುಷ್ಯನನ್ನು ಕಾರ್ಡಿನ ಚೌಕದಲ್ಲಿ ಹೇಗೆ ಬರೆಯುವುದು? ಮೊದಲ ಸಲ ಅಜ್ಜ ಪೆನ್ಸಿಲನ್ನು ಚೌಕದ ಮೇಲೆ ಎತ್ತಿ ಹಿಡಿದು ಬಹಳ ಹೊತ್ತು ಕುಳಿತಿದ್ದರು. ಕೊನೆಗೆ ಮನೆಯಿಂದ ಎರಡನೆಯ ಬೇಸ್‌ವರೆಗಿನ ಗೆರೆಗಳನ್ನು ಎಳೆಯದೆ ಹಾಗೆಯೇ ಬಿಟ್ಟು, ಎರಡನೆಯದರ ಮೂಲೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಅಂದಿನಿಂದ ಅದೇ ಪದ್ಧತಿಯಾಯಿತು.

ಇನ್ನು ಜೂಜು. 1919ರ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸಿನಲ್ಲಿ ಜೂಜುಕೋರರೊಡನೆ ಕೈಸೇರಿಸಿದರೆಂದು ಷಿಕಾಗೊ ತಂಡದ ಎಂಟು ಮಂದಿಯನ್ನು ಜೀವಮಾನಕ್ಕೆ ಹೊರಗಿಟ್ಟ ಆಟವಿದು. ಎಲ್ಲರಿಗಿಂತ ಹೆಚ್ಚು ಹಿಟ್ ಗಳಿಸಿದ ಪೀಟ್ ರೋಸ್‌ಗೂ 1989ರಲ್ಲಿ ಅದೇ ಶಿಕ್ಷೆ ವಿಧಿಸಿತು. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಬಾಜಿಯ ಬಾಗಿಲು ತೆರೆದದ್ದೇ ತಡ, ಅದೇ ವರ್ಷ ಲೀಗ್ ತಾನೂ ಒಂದು ಬಾಜಿ ಕಂಪನಿಯೊಡನೆ ಕೈಕುಲುಕಿತು. ಈಗ ಪಂದ್ಯದ ಮೇಲೆ ಮಾತ್ರವಲ್ಲ, ಮುಂದಿನ ಒಂದೇ ಒಂದು ಎಸೆತದ ಮೇಲೂ ಬಾಜಿ ಕಟ್ಟಬಹುದು. 2025ರ ನವೆಂಬರಿನಲ್ಲಿ ಕ್ಲೀವ್‌ಲ್ಯಾಂಡಿನ ಇಬ್ಬರು ಪಿಚರುಗಳ ಮೇಲೆ, ಜೂಜುಕೋರರಿಗೆ ಅನುಕೂಲವಾಗುವಂತೆ ಎಸೆದರೆಂಬ ಆರೋಪಪಟ್ಟಿ ದಾಖಲಾಗಿದೆ. ಹಿಂದೆ ಎರಡು ಎಸೆತಗಳ ನಡುವೆ ಪಕ್ಕದವರು ಮುಂದಿನದು ಬಾಗಿ ಬರುವ 'ಕರ್ವ್' ಎಸೆತವೆಂದು ಒಂದು ಕಡಲೆಕಾಯಿ ಪಣ ಇಡುತ್ತಿದ್ದರು. ಈಗ ಅದಕ್ಕೂ ಫೋನಿನಲ್ಲಿ ಅಂಗಡಿ ತೆರೆದಿದೆ.

ಮನೆಯಲ್ಲೇ ಕುಳಿತು ನೋಡುತ್ತೇನೆಂದರೆ ಅದೂ ಸುಲಭವಿಲ್ಲ. ಅಯೊವಾ ರಾಜ್ಯಕ್ಕೆ ತನ್ನದೆಂಬ ಒಂದೂ ಮೇಜರ್ ಲೀಗ್ ತಂಡವಿಲ್ಲ, ಆದರೆ ಸುತ್ತಲಿನ ಆರು ತಂಡಗಳು ಅದನ್ನು ತಮ್ಮ ಟಿವಿ ಸೀಮೆಯೆಂದು ಬರೆದುಕೊಂಡು, ಅಲ್ಲಿ ತಮ್ಮ ಪಂದ್ಯ ಲೀಗಿನ ಸೇವೆಯಲ್ಲಿ ಬಾರದಂತೆ ತಡೆದಿದ್ದರಿಂದ, ಆ ಟಿವಿ ಸೇವೆಗೆ ಚಂದಾ ಕಟ್ಟಿದ ಅಲ್ಲಿನ ರೈತ ಎಷ್ಟೋ ವರ್ಷ ಆ ಆರರ ಪಂದ್ಯಗಳನ್ನೇ ನೋಡಲಾಗದೆ ಕುಳಿತಿದ್ದ.

ನಮ್ಮ ಓಕ್ಲ್ಯಾಂಡಿನವರಿಗೆ ಆ ತೊಂದರೆಯೂ ಉಳಿಯಲಿಲ್ಲ, ತಂಡವೇ ಹೋಯಿತು. 1968ರಿಂದ ಇಲ್ಲಿದ್ದು ನಾಲ್ಕು ವರ್ಲ್ಡ್ ಸೀರೀಸ್ ಗೆದ್ದ ಅಥ್ಲೆಟಿಕ್ಸ್ ಲಾಸ್ ವೇಗಸ್ಸಿಗೆ ಹೊರಟು ನಿಂತಾಗ, ಜನ ಬರುವುದಿಲ್ಲ ಎಂಬುದು ಒಡೆಯರ ಕಡೆಯ ನೆಪಗಳಲ್ಲಿ ಒಂದಾಗಿತ್ತು. ಒಳ್ಳೆಯ ಆಟಗಾರರನ್ನೆಲ್ಲ ಮಾರಿ, ಟಿಕೆಟ್ಟಿನ ಬೆಲೆ ಏರಿಸಿ, ಆಮೇಲೆ ಖಾಲಿ ಸೀಟುಗಳನ್ನು ತೋರಿಸಿದರೆ ಯಾವ ಅಂಗಡಿಯೂ ನಷ್ಟದ್ದೇ. 2023ರ ಜೂನ್ 13ರಂದು ಅಭಿಮಾನಿಗಳು ಬಹಿಷ್ಕಾರವನ್ನು ತಲೆಕೆಳಗು ಮಾಡಿ, ಎಲ್ಲರೂ ಬನ್ನಿ ಎಂದು ಕರೆ ಕೊಟ್ಟರು. 27,759 ಮಂದಿ ಬಂದರು, ತಂಡವನ್ನು ಮಾರು ಎಂದು ಒಡೆಯನಿಗೆ ಹೇಳುವ ಹಸಿರು ಅಂಗಿ ತೊಟ್ಟು. ಐದನೆಯ ಇನಿಂಗಿನ ಆರಂಭದಲ್ಲಿ ಮೊದಲ ಬ್ಯಾಟರ್ ಆಡುವಷ್ಟು ಹೊತ್ತು ಅಷ್ಟೂ ಜನ ತುಟಿಬಿಚ್ಚದೆ ಕುಳಿತರು. ಸದಾ ಡೋಲು ಬಾರಿಸುವ ಅಭಿಮಾನಿಗಳೂ ಕೈ ಕಟ್ಟಿದ್ದರು. ಚೆಂಡು ಕ್ಯಾಚರನ ಗವಸಿಗೆ ಬಡಿಯುವ ಸದ್ದು ನಮ್ಮ ಸಾಲಿಗೂ ಕೇಳಿಸಿತು. ಇಷ್ಟು ವರ್ಷದಲ್ಲಿ ಆ ಸದ್ದನ್ನು ನಾನು ಅಷ್ಟು ಸ್ಪಷ್ಟವಾಗಿ ಕೇಳಿದ್ದು ಅದೊಂದೇ ಸಲ. ಆಮೇಲೆ ಎದ್ದ ಕೂಗಿನಲ್ಲಿ ನನ್ನ ಗಂಟಲೂ ಇತ್ತು. ಅದೇ ವಾರ ನೆವಾಡಾ ರಾಜ್ಯ ಹೊಸ ಮೈದಾನಕ್ಕೆ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡುವ ಕಾಯ್ದೆಗೆ ಸಹಿ ಹಾಕಿತು. ವೇಗಸ್ಸಿನ ಮೈದಾನ ಸಿದ್ಧವಾಗುವವರೆಗೆ ತಂಡ ಸ್ಯಾಕ್ರಮೆಂಟೊದ ಪಕ್ಕದ ಚಿಕ್ಕ ಮೈದಾನದಲ್ಲಿ ಆಡುತ್ತಿದೆ, ಊರಿನ ಹೆಸರಿಲ್ಲದೆ, ಬರೀ ಅಥ್ಲೆಟಿಕ್ಸ್ ಎಂದು.

ಕೊನೆಯ ಪಂದ್ಯ 2024ರ ಸೆಪ್ಟೆಂಬರ್ 26ರಂದು, ಹಗಲು ಹೊತ್ತಿನಲ್ಲಿ. 46,889 ಜನ ಸೇರಿದ್ದರು. ಟೆಕ್ಸಸ್ ತಂಡವನ್ನು 3-2ರಿಂದ ಸೋಲಿಸಿದೆವು. ಅಜ್ಜ ಕೊನೆಯ ಚೌಕವನ್ನೂ ತುಂಬಿ, ಒಟ್ಟು ಹಾಕಿ, ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡರು. ಯಾರಿಗೂ ಹೊರಡುವ ಮನಸ್ಸಿರಲಿಲ್ಲ. ಮೈದಾನ ನೋಡಿಕೊಳ್ಳುವ ಕೆಲಸಗಾರರು ಬೇಸ್‌ಗಳ ನಡುವಿನ ಕೆಂಪು ಮಣ್ಣನ್ನು ಬಾಚಿ, ಅಂಚಿನಲ್ಲಿ ಕೈಚಾಚಿ ನಿಂತವರಿಗೆ ಹಂಚುತ್ತಿದ್ದರು. ಅಜ್ಜ ಮೊಣಕಾಲು ನೋವನ್ನು ಮರೆತು ಮೆಟ್ಟಿಲಿಳಿದು ಅಲ್ಲಿಗೆ ಹೋದರು, ಹೋದ ಮೇಲೆ ತಮ್ಮ ಕೈಯಲ್ಲಿ ಕಾರ್ಡು ಬಿಟ್ಟರೆ ಏನೂ ಇಲ್ಲವೆಂಬುದು ನೆನಪಾಗಿ ತಿರುಗಿ ನನ್ನ ಕಡೆ ನೋಡಿದರು. ನಾನು ಖಾಲಿಯಾಗಿದ್ದ ಚಿತ್ರಾನ್ನದ ಡಬ್ಬಿಯನ್ನು ಕರವಸ್ತ್ರದಿಂದ ಒರೆಸಿ ಕೊಟ್ಟೆ. ತಳಕ್ಕಂಟಿದ್ದ ಒಂದೆರಡು ಸಾಸಿವೆ ಕಾಳಿನ ಮೇಲೆಯೇ ಓಕ್ಲ್ಯಾಂಡಿನ ಮಣ್ಣು ಬಿತ್ತು. ಅಜ್ಜ ಮುಚ್ಚಳವನ್ನು ಎರಡು ಸಲ ಒತ್ತಿ ಭದ್ರಪಡಿಸಿದರು.

ಆ ಡಬ್ಬಿ ಇನ್ನೂ ಅವರ ಮನೆಯಲ್ಲಿದೆ. ಊರಿನಿಂದ ತಂದ ಮೂರು ಡಬ್ಬಿಗಳ ಜೊತೆಯಲ್ಲಿ ಒಂದು ಕಡಿಮೆಯಾಗಿರುವುದನ್ನು ಮನೆಯಾಕೆ ವಾರಕ್ಕೊಮ್ಮೆ ನೆನಪಿಸುತ್ತಾಳೆ, ನಾನು ಕೇಳಿ ತರುತ್ತೇನೆಂದು ಹೇಳಿ ಪ್ರತಿ ಸಲವೂ ಬರಿಗೈಯಲ್ಲಿ ಬರುತ್ತೇನೆ.