ಸುಣ್ಣದ ಬಕೆಟ್ಟು ಮತ್ತು ಪಿಂಚಣಿಯ ಪಾಸ್‌ಬುಕ್ಕು

ಕೊನೆಯ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬರುತ್ತಿದ್ದಂತೆ ಪ್ರತಿ ವರ್ಷವೂ ಒಬ್ಬಿಬ್ಬರು ವಿದ್ಯಾರ್ಥಿಗಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಸ್ವಲ್ಪ ಸಂಕೋಚದಿಂದಲೇ, 'ಸರ್, ಸಮಾಜಕ್ಕೆ ಏನಾದರೂ ಮಾಡಬೇಕು ಅಂತಿದೆ, ನಮ್ಮಂಥವರಿಗೆ ಎಲ್ಲಿ ಅವಕಾಶ ಇದೆ?' ಎಂದು ಕೇಳುತ್ತಾರೆ. ತಾಲ್ಲೂಕು ಕೇಂದ್ರದ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತ, ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದ ಜವಾಬ್ದಾರಿಯನ್ನೂ ಹೊತ್ತಿರುವ ನನಗೆ ಆ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು 'ನಮ್ಮಂಥವರಿಗೆ' ಎಂಬ ಮಾತು. ಬೆಂಗಳೂರಿನ ಹೆಸರುವಾಸಿ ಕಾಲೇಜಿನಲ್ಲಿ ಓದದ, ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಅಳುಕುವ, ಪದವಿ ಮುಗಿದ ಮರುತಿಂಗಳಿಂದಲೇ ಮನೆಗೆ ನಾಲ್ಕು ಕಾಸು ಕಳಿಸಬೇಕಾದ ಮಕ್ಕಳು ಎಂಬುದು ಅದರ ಅರ್ಥ. ಅವರಿಗೆ ಇಷ್ಟು ವರ್ಷ ಬಿಡಿಬಿಡಿಯಾಗಿ ಹೇಳಿದ್ದನ್ನು ಒಂದೆಡೆ ಬರೆದಿಡೋಣವೆನಿಸಿತು.

ಹೆಚ್ಚಿನವರಿಗೆ ಮೊದಲು ಸಿಗುವ ಅವಕಾಶ ಎನ್‌ಎಸ್‌ಎಸ್. ಗಾಂಧಿ ಜನ್ಮಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಇದು ಆರಂಭವಾಯಿತು. ಆಗ ಕೇಂದ್ರದ ಶಿಕ್ಷಣ ಸಚಿವರಾಗಿದ್ದವರು, ಮುಂದೆ ಬೆಂಗಳೂರಿನಲ್ಲಿ ಐಸೆಕ್ ಎಂಬ ಸಮಾಜವಿಜ್ಞಾನ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ದತ್ತು ಪಡೆದ ಹಳ್ಳಿಯಲ್ಲಿ ಏಳು ದಿನಗಳ ವಿಶೇಷ ಶಿಬಿರ, 'ನನಗಲ್ಲ, ನಿನಗೆ' ಎಂಬ ಧ್ಯೇಯವಾಕ್ಯ. ಶಿಬಿರವೆಂದರೆ ಏನೆಂಬುದು ಇದನ್ನು ಓದುತ್ತಿರುವ ಅನೇಕರಿಗೆ ಗೊತ್ತು: ಬೆಳಿಗ್ಗೆ ಪ್ರಭಾತಫೇರಿ, ಆಮೇಲೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ, ಕೊನೆಯ ದಿನ ಊರಿನ ಹಿರಿಯರಿಗೆ ಶಾಲು. ನಾನೂ ಹಲವು ಶಿಬಿರಗಳನ್ನು ಹೀಗೆಯೇ ನಡೆಸಿದ್ದೇನೆ.

ಐದಾರು ವರ್ಷಗಳ ಹಿಂದೆ ಅಂಥದೇ ಒಂದು ಶಿಬಿರದ ನಾಲ್ಕನೆಯ ದಿನ, ಶಾಲೆಯ ಕಾಂಪೌಂಡಿಗೆ ಸುಣ್ಣ ಬಳಿಯುತ್ತಿದ್ದಾಗ, ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಪಾಸ್‌ಬುಕ್ಕನ್ನು ಸೆರಗಿನಿಂದ ತೆಗೆದು ಒಬ್ಬ ಹುಡುಗಿಯ ಕೈಗಿಟ್ಟರು. ಸಂಧ್ಯಾ ಸುರಕ್ಷಾ ಪಿಂಚಣಿ ಹನ್ನೊಂದು ತಿಂಗಳಿಂದ ಬಂದಿಲ್ಲ, ಓದಿದವರು ಬಂದಿದ್ದೀರಲ್ಲ, ಏನಾಗಿದೆ ನೋಡಿ ಹೇಳಿ ಎಂಬುದು ಅವರ ಮಾತು. ಆ ಹುಡುಗಿ ಮತ್ತು ಅವಳ ಸಹಪಾಠಿಯೊಬ್ಬ ಬ್ರಷ್ಷನ್ನು ಬಕೆಟ್ಟಿನಲ್ಲೇ ಬಿಟ್ಟು ಮೆಟ್ಟಿಲ ಮೇಲೆ ಕೂತರು. ಕೆಲಸ ಅರ್ಧಕ್ಕೆ ಬಿಟ್ಟಿದ್ದಕ್ಕೆ ನಾನು ಅವರನ್ನು ಗದರಿದೆ, ಇದನ್ನು ಮುಚ್ಚಿಡುವುದಿಲ್ಲ. ಅವರು ಕೇಳಲಿಲ್ಲ. ಮರುದಿನ ಅಜ್ಜಿಯನ್ನು ಕರೆದುಕೊಂಡು ನಾಡಕಚೇರಿಗೆ ಹೋದರು, ಅಲ್ಲಿಂದ ಬ್ಯಾಂಕಿಗೆ ಹೋದರು. ಪಿಂಚಣಿ ನಿಂತಿರಲೇ ಇಲ್ಲ. ಯಾರೋ ಹಿಂದೊಮ್ಮೆ ಊರಿಗೆ ಬಂದು ಆಧಾರ್ ಮೇಲೆ ಬೆರಳೊತ್ತಿಸಿಕೊಂಡು ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರು. ಆಧಾರ್ ಜೋಡಣೆ ಆ ಹೊಸ ಖಾತೆಗೆ ಬದಲಾದ್ದರಿಂದ ಹಣವೆಲ್ಲ ಅಲ್ಲಿಗೆ ಹೋಗಿ ಬೀಳುತ್ತಿತ್ತು. ಅಂಥ ಖಾತೆಯೊಂದು ತನ್ನ ಹೆಸರಿನಲ್ಲಿದೆ ಎಂಬುದೇ ಅಜ್ಜಿಗೆ ತಿಳಿದಿರಲಿಲ್ಲ. ಸಂಜೆ ಆರರ ಹೊತ್ತಿಗೆ ಸುದ್ದಿ ಊರಿಗೆಲ್ಲ ಹಬ್ಬಿ, ಶಾಲೆಯ ಜಗುಲಿಯ ಮೇಲೆ ಪಾಸ್‌ಬುಕ್ಕು, ರೇಷನ್ ಕಾರ್ಡು, ಅಂಗವಿಕಲರ ಗುರುತಿನ ಚೀಟಿ ಹಿಡಿದವರ ಸಾಲು ನಿಂತಿತ್ತು. ಉಳಿದೆರಡು ದಿನ ಸುಣ್ಣದ ಕೆಲಸ ಮುಂದುವರಿಯಲಿಲ್ಲ. ವರದಿಯಲ್ಲಿ ನಾನು ನೆಟ್ಟ ಸಸಿಗಳ ಸಂಖ್ಯೆಯನ್ನು ಬರೆದೆ, ಶ್ರಮದಾನದ ಗಂಟೆಗಳನ್ನು ಬರೆದೆ, ಜಗುಲಿಯ ಸಾಲನ್ನು 'ಜಾಗೃತಿ ಕಾರ್ಯಕ್ರಮ' ಎಂಬ ಎರಡು ಪದಗಳಲ್ಲಿ ಮುಗಿಸಿದೆ.

ಅಂದಿನಿಂದ ನನ್ನ ಉತ್ತರ ಬದಲಾಗಿದೆ. ಸರ್ಕಾರದ ಕಾಗದವನ್ನು ಓದಿ ಅರ್ಥಮಾಡಿಕೊಳ್ಳಬಲ್ಲ, ಸಂಬಂಧಪಟ್ಟ ಮೇಜಿನ ಮುಂದೆ ನಿಂತು ಉತ್ತರ ಕೇಳಬಲ್ಲ ವಿದ್ಯಾರ್ಥಿಗೆ ಈ ರಾಜ್ಯದ ಯಾವ ಹಳ್ಳಿಯಲ್ಲೂ ಕೆಲಸಕ್ಕೆ ಬರವಿಲ್ಲ. ಅದಕ್ಕೆ ಬೇಕಾದ ಕಾನೂನುಗಳು ಆಗಲೇ ಇವೆ. ಹತ್ತು ರೂಪಾಯಿ ಶುಲ್ಕದಲ್ಲಿ, ಬಿಪಿಎಲ್ ಕುಟುಂಬದವರಾದರೆ ಅದೂ ಇಲ್ಲದೆ, ಕನ್ನಡದಲ್ಲೇ ಬರೆದ ಮಾಹಿತಿ ಹಕ್ಕಿನ ಅರ್ಜಿಗೆ 30 ದಿನಗಳೊಳಗೆ ಉತ್ತರ ಕೊಡಬೇಕೆಂದು 2005ರ ಕಾಯ್ದೆ ಹೇಳುತ್ತದೆ. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು 150 ಪದಗಳನ್ನು ಮೀರಬಾರದು. ಈ ಮಿತಿ ಅನ್ಯಾಯವೆಂದು ಹಲವರು ದೂರುತ್ತಾರೆ, ಅದರಲ್ಲಿ ಹುರುಳಿದೆ. ಆದರೂ 150 ಪದಗಳಲ್ಲಿ ನಿಖರವಾಗಿ ಪ್ರಶ್ನೆ ಕೇಳುವುದನ್ನು ಕಲಿತ ಹುಡುಗರು ಉತ್ತರ ಪತ್ರಿಕೆಯನ್ನೂ ಚೆನ್ನಾಗಿ ಬರೆಯುತ್ತಾರೆಂಬುದು ಮೇಷ್ಟರಾಗಿ ನನಗೆ ಸಿಕ್ಕ ಅನಿರೀಕ್ಷಿತ ಲಾಭ.

ಸಾಮಾಜಿಕ ಲೆಕ್ಕಪರಿಶೋಧನೆ, ಅಂದರೆ ಸರ್ಕಾರಿ ಕೆಲಸದ ಲೆಕ್ಕವನ್ನು ಊರವರೇ ಪರಿಶೀಲಿಸುವುದು, ಇದರ ಮುಂದಿನ ಹೆಜ್ಜೆ. ರಾಜಸ್ಥಾನದಲ್ಲಿ 1990ರಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ಜನಸುನವಾಯಿಗಳನ್ನು (ಬಹಿರಂಗ ವಿಚಾರಣಾ ಸಭೆಗಳನ್ನು) ನಡೆಸಿ, ಹಾಜರಿ ಪಟ್ಟಿಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿದಾಗಲೇ ಈ ಪದ್ಧತಿಗೆ ಜೀವ ಬಂದದ್ದು. ಕೆಲಸವನ್ನೇ ಮಾಡದವರ ಹೆಸರಿಗೆ ಕೂಲಿ ಸಂದಾಯವಾಗಿದ್ದನ್ನು ಕೂಲಿಕಾರರೇ ಕಿವಿಯಾರೆ ಕೇಳಿದರು. ಮುಂದೆ ಗ್ರಾಮೀಣ ಉದ್ಯೋಗ ಖಾತರಿಯ ನರೇಗಾ ಕಾಯ್ದೆಯ 17ನೇ ಕಲಂ ಈ ಪರಿಶೋಧನೆಯ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿತು. ಯೋಜನೆಗಳ ಹೆಸರು ಬದಲಾಗಬಹುದು, ಕಾಯ್ದೆಗಳೂ ಬದಲಾಗಬಹುದು. ಎನ್‌ಎಂಆರ್ ಎನ್ನುವ ಕೂಲಿಕಾರರ ಹಾಜರಿ ಪಟ್ಟಿಯನ್ನು ಒಂದು ಕೈಯಲ್ಲಿ, ಅಳತೆ ಟೇಪನ್ನು ಇನ್ನೊಂದು ಕೈಯಲ್ಲಿ ಹಿಡಿದು ಬದುವಿನ ಉದ್ದವನ್ನು ಪುಸ್ತಕದ ಲೆಕ್ಕದೊಂದಿಗೆ ತಾಳೆ ನೋಡಬಲ್ಲ ಕೌಶಲಕ್ಕೆ ಅದರಿಂದ ಕುಂದಾಗದು. ಕಾನೂನು ವಿದ್ಯಾರ್ಥಿಗಳ ದಾರಿ ಇನ್ನೂ ಸಲೀಸು: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆಕಾನೂನು ಸ್ವಯಂಸೇವಕರಾಗಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರೆಂಬ ಸಂಗತಿಯನ್ನು ಹತ್ತು ಜನರಿಗೆ ತಿಳಿಸಿದರೂ ಅದು ಸಣ್ಣ ಕೆಲಸವಲ್ಲ.

ವಿದ್ಯಾರ್ಥಿಗಳಿಂದ ಏನಾಗುತ್ತದೆ ಎಂದು ಮೂಗು ಮುರಿಯುವ ಸಹೋದ್ಯೋಗಿಗಳಿಗೆ ನಾನು ಕರ್ನಾಟಕದ್ದೇ ಉದಾಹರಣೆಗಳನ್ನು ಕೊಡುತ್ತೇನೆ. 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳ ಗುಂಪೊಂದು ಆರಂಭಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮುಂದೆ ಎಚ್.ಡಿ. ಕೋಟೆಯ ಜೇನುಕುರುಬ, ಕಾಡುಕುರುಬ ಹಾಡಿಗಳಲ್ಲಿ ಬೇರೂರಿತು. ಅದಕ್ಕೂ ಹನ್ನೊಂದು ವರ್ಷ ಮೊದಲು, 1973ರಲ್ಲಿ, ದೇವರಾಜ ಅರಸು ಸರ್ಕಾರದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು 'ಬೂಸಾ' (ದನದ ಮೇವು) ಎಂದು ಆಡಿದ ಮಾತಿನಿಂದ ಭುಗಿಲೆದ್ದ ಬೂಸಾ ಗಲಭೆಯಲ್ಲಿ ಪೆಟ್ಟು ತಿಂದವರಲ್ಲಿ ಹಾಸ್ಟೆಲುಗಳ ದಲಿತ ವಿದ್ಯಾರ್ಥಿಗಳಿದ್ದರು. ಆ ಕಾವಿನಲ್ಲೇ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕನ್ನಡ ಮೇಷ್ಟರಾಗಿದ್ದರು. ಈ ಎರಡು ಉದಾಹರಣೆಗಳನ್ನು ಒಟ್ಟಿಗೆ ಹೇಳುವಾಗ ನನಗೆ ಮುಖ್ಯವೆನಿಸುವುದು ಅವುಗಳ ವ್ಯತ್ಯಾಸವೇ. ಮೊದಲನೆಯದರಲ್ಲಿ ಓದಿದವರು ಹಾಡಿಗೆ ಹೋದರು, ಎರಡನೆಯದರಲ್ಲಿ ಅನ್ಯಾಯ ಉಂಡವರೇ ಓದಿ ಎದ್ದು ನಿಂತರು. ಕೆಜಿಎಫ್‌ನ ಬೆಜವಾಡ ವಿಲ್ಸನ್ ಅವರೂ ತಮ್ಮ ಮನೆಯವರೇ ಮಾಡುತ್ತಿದ್ದ ಮಲ ಹೊರುವ ಕೆಲಸದ ವಿರುದ್ಧ ಹೋರಾಟಕ್ಕಿಳಿದು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ನನ್ನ ತರಗತಿಯಲ್ಲಿ ಕೂರುವವರು ಹೆಚ್ಚಾಗಿ ಈ ಎರಡನೆಯ ಸಾಲಿನವರು. ಆದರೆ ಸಮಾಜಸೇವೆಯ ಭಾಷಣಗಳೆಲ್ಲ ಅವರನ್ನು ಮೊದಲ ಸಾಲಿನವರೆಂದು, ಅಂದರೆ ಕೊಡುವ ಕೈಯವರೆಂದು ಭಾವಿಸಿ ಮಾತಾಡುತ್ತವೆ, ಇಲ್ಲವೇ ಅವರನ್ನೇ ಫಲಾನುಭವಿಗಳ ಪಟ್ಟಿಗೆ ಸೇರಿಸಿಬಿಡುತ್ತವೆ. ಹಾಸ್ಟೆಲಿನ ಊಟದ ಲೆಕ್ಕವನ್ನು, ತಡವಾದ ವಿದ್ಯಾರ್ಥಿವೇತನವನ್ನು ಪ್ರಶ್ನಿಸುವ ಹುಡುಗ ಸಾಮಾಜಿಕ ನ್ಯಾಯದ ಕೆಲಸವನ್ನೇ ಮಾಡುತ್ತಿದ್ದಾನೆ ಎಂದು ಅವನಿಗೆ ಯಾರೂ ಹೇಳುವುದಿಲ್ಲ. ತಂಟೆಕೋರನೆಂದು ಹೇಳುವವರು ಬೇಕಾದಷ್ಟಿದ್ದಾರೆ.

ಸ್ನಾತಕೋತ್ತರ ಓದಿನಲ್ಲಿರುವವರಿಗೆ ಪ್ರಬಂಧವೇ ಒಂದು ಅವಕಾಶ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಸಂಶೋಧಕರ ಜೊತೆ ಸೇರಿ ತಮ್ಮ ಎಲ್ಲೆಗಳನ್ನೂ ದೇವರ ತಾಣಗಳನ್ನೂ ನಕ್ಷೆಯ ಮೇಲೆ ಗುರುತಿಸಿದರು, ಆ ಸಂಶೋಧಕರಲ್ಲಿ ಸೋಲಿಗ ಸಮುದಾಯದಿಂದಲೇ ಬಂದವರೂ ಇದ್ದರು. 2011ರಲ್ಲಿ ಅಲ್ಲಿನ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರಗಳು ದೊರೆತವು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ. ಗ್ರಂಥಾಲಯದ ಧೂಳಿನಲ್ಲಿ ಮಲಗುವ ನಮ್ಮ ಎಂ.ಎ. ಪ್ರಬಂಧಗಳಲ್ಲಿ ವರ್ಷಕ್ಕೊಂದಾದರೂ ಹೀಗೆ ಯಾರದಾದರೂ ಅರ್ಜಿಯ ಜೊತೆ ಲಗತ್ತಾಗುವಂತಿದ್ದರೆ ಎಂದು ಅನಿಸುತ್ತಲೇ ಇರುತ್ತದೆ.

ಇನ್ನು ಪದವಿಯ ನಂತರದ ಫೆಲೋಶಿಪ್‌ಗಳ ವಿಚಾರ. ಹದಿಮೂರು ತಿಂಗಳ ಎಸ್‌ಬಿಐ ಯೂತ್ ಫಾರ್ ಇಂಡಿಯಾ, ಎರಡೆರಡು ವರ್ಷಗಳ ಗಾಂಧಿ ಫೆಲೋಶಿಪ್ ಮತ್ತು ಟೀಚ್ ಫಾರ್ ಇಂಡಿಯಾ, ಅಭಿವೃದ್ಧಿ ವಿಷಯದಲ್ಲಿ ಎಂ.ಎ. ಓದಲು ಬಯಸುವವರಿಗೆ ಕುಟುಂಬದ ಆದಾಯ ನೋಡಿ ಶುಲ್ಕ ವಿನಾಯಿತಿ ಕೊಡುವ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿಗೆ 1960ರಿಂದ ಇರುವ ಮಂಗಳೂರಿನ ರೋಶನಿ ನಿಲಯ, ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇವನ್ನೆಲ್ಲ ನಾನು ಹೇಳುತ್ತೇನೆ. ಹೇಳಿದ ಮೇಲೆ ತಪ್ಪದೆ ಇನ್ನೊಂದು ಮಾತು ಸೇರಿಸುತ್ತೇನೆ: ಮೊದಲು ಕೈಗೆ ಎಷ್ಟು ಕೊಡುತ್ತಾರೆಂದು ಕೇಳಿ. ಸಮಾಜಸೇವೆಗೆ ಬಂದವರು ದುಡ್ಡಿನ ಮಾತಾಡಬಾರದೆಂಬ ನಾಚಿಕೆಯನ್ನು ನಮ್ಮ ಮಕ್ಕಳಲ್ಲಿ ಯಾರು ತುಂಬಿದರೋ ತಿಳಿಯದು, ಅದರಿಂದ ಲಾಭ ಮಾತ್ರ ಪುಕ್ಕಟೆ ದುಡಿಸಿಕೊಳ್ಳುವವರಿಗೆ.

ನನ್ನ ವಿದ್ಯಾರ್ಥಿನಿಯೊಬ್ಬಳು ನಗರದ ಒಂದು ಸಂಸ್ಥೆಗೆ ಮೂರು ತಿಂಗಳ ಇಂಟರ್ನ್‌ಶಿಪ್ಪಿಗೆ ಹೋದಳು. ಸಂಬಳವಿಲ್ಲ, ಪಿಜಿಯ ಬಾಡಿಗೆ ಅವಳದೇ, ಬಸ್ಸಿನ ಖರ್ಚೂ ಅವಳದೇ. ಅವಳ ತಾಯಿ ಸ್ವಸಹಾಯ ಸಂಘದಲ್ಲಿ ಸಾಲ ಮಾಡಿ ಕಳಿಸಿದ್ದರು. ಅಲ್ಲಿ ಅವಳ ಪಾಲಿಗೆ ಬಂದ ಕೆಲಸವೆಂದರೆ ಕಾರ್ಯಕ್ರಮಗಳ ಫೋಟೊ ತೆಗೆದು, ಕೆಳಗೆ ಎರಡು ಸಾಲು ಬರೆದು, ಸಂಜೆಯೊಳಗೆ ಸಾಮಾಜಿಕ ಜಾಲತಾಣಕ್ಕೆ ಹಾಕುವುದು. ಅವಳ ಜೊತೆಗಿದ್ದವರು ಆ ನಗರದವರೇ ಆದ್ದರಿಂದ ಮನೆಯಿಂದ ಬಂದು ಹೋಗುತ್ತಿದ್ದರು, ಮೂರು ತಿಂಗಳು ಅವರಿಗೆ ಭಾರವಾಗಲಿಲ್ಲ. ಬಡತನದ ಕುರಿತು ಕೆಲಸ ಮಾಡುವ ಅವಕಾಶವೇ ಬಡವರ ಮಕ್ಕಳಿಗೆ ಎಟುಕದಂತೆ ಹೀಗೆ ಸದ್ದಿಲ್ಲದೆ ಜರಡಿ ಹಿಡಿಯಲಾಗುತ್ತದೆ. ಸಂಬಳ ಕೊಡಲಾಗದಷ್ಟು ಸಣ್ಣ ಸಂಘಟನೆಗಳಿರುತ್ತವೆ, ಅವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅಂಥ ಕಡೆ ನಮ್ಮೂರಿನಿಂದಲೇ ಓಡಾಡಿ, ವಾರಕ್ಕೆ ಒಂದೆರಡು ದಿನ ದುಡಿಯುವುದು ಮೇಲು. ರಾತ್ರಿ ಹೊರಗುಳಿಯಲು ಮನೆಯಲ್ಲಿ ಒಪ್ಪದ ಹೆಣ್ಣುಮಕ್ಕಳಿಗೂ ಅದೇ ಅನುಕೂಲ.

ಮೆಟ್ಟಿಲ ಮೇಲೆ ಕೂತು ಪಾಸ್‌ಬುಕ್ಕು ಓದಿದ ಆ ಹುಡುಗಿ ಎಂಎಸ್‌ಡಬ್ಲ್ಯು ಮುಗಿಸಿ ಈಗ ಬೇರೆ ಜಿಲ್ಲೆಯೊಂದರಲ್ಲಿ ಕೂಲಿಕಾರರ ನಡುವೆ ಕೆಲಸ ಮಾಡುತ್ತಿದ್ದಾಳೆ. ಆಗಾಗ ಯಾವುದಾದರೂ ಅರ್ಜಿಗೆ ಕಚೇರಿಯಿಂದ ಬಂದ ಹಿಂಬರಹದ (ಲಿಖಿತ ಉತ್ತರದ) ಫೋಟೊ ಕಳಿಸಿ, 'ಸರ್, ಇದಕ್ಕೆ ಮೇಲ್ಮನವಿ ಹಾಕಬಹುದಾ?' ಎಂದು ಕೇಳುತ್ತಾಳೆ. ಅವಳ ಜೊತೆಗಿದ್ದ ಹುಡುಗ ಪೊಲೀಸ್ ಕಾನ್‌ಸ್ಟೆಬಲ್ ಆಗಿದ್ದಾನೆ. ಈ ಸಲದ ಶಿಬಿರ ಮತ್ತೆ ಅದೇ ಊರಿನಲ್ಲಿ. ಮಕ್ಕಳು ಈಗಾಗಲೇ ಸಾಮಾನುಗಳ ಪಟ್ಟಿ ಮಾಡಿದ್ದಾರೆ: ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಪ್ಪತ್ತು, ಇಂಕ್ ಪ್ಯಾಡ್ ಎರಡು, ಸ್ಟೇಪ್ಲರ್, ಯಾರ ಅರ್ಜಿ ಯಾವ ಮೇಜಿನಲ್ಲಿದೆ ಎಂದು ಬರೆದಿಡಲು ಇನ್ನೂರು ಪುಟದ ನೋಟ್‌ಬುಕ್ಕು. ಸುಣ್ಣದ ಬಕೆಟ್ಟನ್ನೂ ಒಯ್ಯುತ್ತೇವೆ. ಶಾಲೆಯ ಕಾಂಪೌಂಡು ಅಂದು ಬಿಟ್ಟಲ್ಲಿಗೇ ನಿಂತಿದೆಯಂತೆ, ಅರ್ಧ ಬಿಳಿ, ಅರ್ಧ ಇಟ್ಟಿಗೆ.