ಹೆಬ್ಬೆರಳಿನ ತಾಪತ್ರಯ

“ಹೆಬ್ಬೆರಳು ಮೆತ್ತಗಿರಲಿ ಸಾರ್, ಮೆತ್ತಗೆ!” ಗಾಳ ಬೀಸಲೆಂದು ಕೋಲು ಹಿಂದಕ್ಕೆತ್ತಿದರೆ ಸಾಕು, ಬೆನ್ನ ಹಿಂದಿನಿಂದ ಇಂಥದೊಂದು ದನಿ ಬಂದೇ ಬರುತ್ತದೆ. ಎಷ್ಟು ಮೆತ್ತಗೆ ಅಂತ ಕೇಳಿ ನೋಡಿ. “ಅದು ಕೈಗೇ ಗೊತ್ತಾಗುತ್ತೆ.” ಕೈಗೆ ಗೊತ್ತಿದ್ದರೆ ನಿನ್ನನ್ನೇಕೆ ಕೇಳುತ್ತಿದ್ದೆ ಮಾರಾಯ? ಇನ್ನೂ ಹೊಟ್ಟೆ ಉರಿಸುವ ಸಂಗತಿಯೆಂದರೆ, ಈ ಉಪದೇಶಿಯ ಕೋಲಿಗಿರುವ ದಾರ ಸುತ್ತುವ ಸಾಧನ ಸ್ಪಿನ್ನಿಂಗ್ ರೀಲು. ಬೀಸುವಾಗ ಅದರ ಸ್ಪೂಲು, ಅಂದರೆ ದಾರ ಸುತ್ತಿಕೊಂಡ ಉರುಳೆ, ತಿರುಗುವುದೇ ಇಲ್ಲ. ತೋರುಬೆರಳು ದಾರವನ್ನು ಹೊತ್ತಿಗೆ ಸರಿಯಾಗಿ ಬಿಟ್ಟರೆ ಅದು ತನ್ನಷ್ಟಕ್ಕೆ ಜಾರಿ ಹೋಗುತ್ತದೆ, ಹೆಬ್ಬೆರಳಿಗೆ ಪಿಂಚಣಿ.

ನನ್ನದು ಬೇಟ್‌ಕಾಸ್ಟಿಂಗ್ ರೀಲು. ಬೀಸುವಾಗ ಇದರ ಸ್ಪೂಲೇ ತಿರುಗುತ್ತದೆ, ಅದನ್ನು ಹೆಬ್ಬೆರಳಿನಿಂದ ಹಿಡಿತದಲ್ಲಿಡಬೇಕು. ಅದರ ಪೂರ್ವಜರ ಸಾಲಿನಲ್ಲಿ ಒಬ್ಬ ಗಡಿಯಾರದವನಿದ್ದಾನೆ. 19ನೆಯ ಶತಮಾನದ ಆರಂಭ, ಅಮೆರಿಕದ ಕೆಂಟಕಿ. ಅಲ್ಲಿಯೂ ಒಂದು ಪ್ಯಾರಿಸ್ ಇದೆ, ಆ ಊರಿನ ಜಾರ್ಜ್ ಸ್ನೈಡರ್. ಹಿಡಿಕೆ ಒಂದು ಸುತ್ತು ತಿರುಗಿದರೆ ಸ್ಪೂಲು ಹಲವು ಸುತ್ತು ತಿರುಗುವಂಥ ರೀಲನ್ನು ನಾಜೂಕಾಗಿ ಮಾಡಿದ. ಆಮೇಲೆ ಹೆಸರು ಮಾಡಿದ ಮೀಕ್ ಸಹೋದರರೂ ಗಡಿಯಾರದವರೇ. ಆ ಕಾಲದ ಗಿರಾಕಿಗಳನ್ನು ನೆನೆದರೆ ಅಯ್ಯೋ ಅನಿಸುತ್ತದೆ. ಗಡಿಯಾರ ರಿಪೇರಿಗೆ ಕೊಟ್ಟು ಹೋದವನು ವಾರ ಬಿಟ್ಟು ಬರುತ್ತಾನೆ; ಗಡಿಯಾರ ಬಿಚ್ಚಿಟ್ಟಂತೆಯೇ ಬಿದ್ದಿದೆ, ಅದರ ಪಕ್ಕದಲ್ಲಿ ಮಿರಮಿರ ಮಿಂಚುವ ರೀಲೊಂದು. “ನಾಳೆ ಬನ್ನಿ” ಎನ್ನುತ್ತಾರೆ. ನಾಳೆ ಬಂದರೆ ಅಂಗಡಿಗೆ ಬೀಗ. ಯಜಮಾನರು ಹೊಳೆಯ ಕಡೆ ಹೋಗಿದ್ದಾರೆ. ಗಂಟೆ ಎಷ್ಟಾಯಿತೆಂದು ಗೊತ್ತಿಲ್ಲದ ಆ ಗಿರಾಕಿ ಅಲ್ಲೇ ಕಾಯುತ್ತಾ ಕೂತಿದ್ದಾನೆ. ಇದೆಲ್ಲ ನನ್ನ ಕಲ್ಪನೆಯೇ. ಆದರೆ ಕಸುಬಿನವರನ್ನು ಬಲ್ಲವರು ಇಲ್ಲವೆನ್ನಲಾರರು.

ಇರಲಿ. ರೀಲು ನಯವಾದಷ್ಟೂ ಸ್ಪೂಲಿಗೆ ನಿಲ್ಲುವ ಬುದ್ಧಿ ಕಡಿಮೆ. ಗಾಳಿಯ ತಡೆಗೆ ಗಾಳದ ವೇಗ ಇಳಿದರೂ ಸ್ಪೂಲು ಮಾತ್ರ ಮೊದಲಿನ ಉಮೇದಿನಲ್ಲೇ ದಾರ ಬಿಚ್ಚುತ್ತದೆ. ಬಿಚ್ಚಿದ ದಾರ ಹೋಗಲು ಜಾಗವಿಲ್ಲದೆ ಅಲ್ಲೇ ಉಬ್ಬಿ ಹಕ್ಕಿಗೂಡಾಗುತ್ತದೆ. ಅದನ್ನು ಬಿಡಿಸುವವನ ಬಾಯಿಂದ ಬರುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಹೆಬ್ಬೆರಳಿನ ತುದಿಯನ್ನು ಸ್ಪೂಲಿನ ನಟ್ಟನಡುವೆ ಊರದೆ, ಬೆರಳಿನ ಮೆತ್ತನೆಯ ಭಾಗವನ್ನು ಕೊಂಚ ಓರೆಯಾಗಿ ಅಂಚಿಗೂ ತಾಗುವಂತೆ ಇಟ್ಟರೆ ಹಿಡಿತ ನಯವಾಗಿರುತ್ತದೆ. ದಾರ ಉಬ್ಬಲು ಹೊರಟಿದ್ದು ಕಣ್ಣಿಗಿಂತ ಮೊದಲು ಚರ್ಮಕ್ಕೆ ತಿಳಿಯುತ್ತದೆ. ಗಾಳ ನೀರು ಮುಟ್ಟುವ ಮುಂಚೆ ಪೂರ್ತಿ ಒತ್ತಿ ನಿಲ್ಲಿಸಬೇಕು. ಅಲ್ಲಿ ಮೆತ್ತಗೆ ಗಿತ್ತಗೆ ಏನೂ ಇಲ್ಲ.

ಸ್ಪೂಲಿನ ವೇಗ ತಗ್ಗಿಸಲು ಅಯಸ್ಕಾಂತದ ಬ್ರೇಕು ಇರುವಾಗ ಬೆರಳೇಕೆ ಎನ್ನುವವರೂ ಇದ್ದಾರೆ. ಎದುರುಗಾಳಿಗೆ ಬೀಸಲಿ, ನೋಡೋಣ. ಹಗುರ ಗಾಳ ಗಾಳಿಗೆ ಸಿಕ್ಕಿ ಅರ್ಧದಲ್ಲೇ ಸೊರಗುತ್ತದೆ, ಸ್ಪೂಲಿಗೆ ಆ ಸುದ್ದಿ ಮುಟ್ಟಿರುವುದಿಲ್ಲ.

ಹಾಗಾದರೆ ನಡುವೆ ಎಷ್ಟು ಒತ್ತಬೇಕು? ಗಾಳದ ತೂಕ ಹೇಳಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಹೇಳಿ, ದಾರ ಒದ್ದೆಯೋ ಒಣಗಿದೆಯೋ ಅದನ್ನೂ ಹೇಳಿ. ಆಮೇಲೂ ನಾನು ಹೇಳುವುದು ಅನುಮಾನವೇ. ಬೆನ್ನ ಹಿಂದೆ ನಿಂತವರನ್ನು ಮಾತ್ರ ಕೇಳಬೇಡಿ.