ನೀರು ನೋಡಿದ್ರಿ, ಗಾಳಿ ಯಾರು ನೋಡ್ತಾರೆ?

ಎಂಜಿನ್ ಹೆಡ್ ಎತ್ತಬೇಕಂತೆ! ಎಂಜಿನ್ ತಣ್ಣಗಿಡೋ ನೀರು, ಅದೇ ಕೂಲೆಂಟ್, ಒಂದು ತೊಟ್ಟು ಕಮ್ಮಿಯಾಗಿಲ್ಲ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಇಲ್ಲ, ಡಿಪ್‌ಸ್ಟಿಕ್ ಎಳೆದು ನೋಡಿದ್ರೆ ಆಯಿಲ್ ಬೆಳ್ಳಗಾಗಿಲ್ಲ, ಆದ್ರೂ ‘ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್’. (ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವಿನ ಸೀಲು ಅದು, ಹೋದ್ರೆ ಸಾಮಾನ್ಯವಾಗಿ ಈ ಲಕ್ಷಣಗಳಲ್ಲಿ ಒಂದಾದ್ರೂ ಕಾಣುತ್ತೆ.) ಇವತ್ತು ಬೆಳಗ್ಗೆ ಚಿಕ್ಕಬಳ್ಳಾಪುರದ ಒಂದು ಗ್ಯಾರೇಜ್‌ನಲ್ಲಿ ಈ ಮಾತು ಕೇಳಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಗಾಡಿ ಹೀಟ್ ಆಗುತ್ತೆ ಅಂದ ತಕ್ಷಣ ಎಲ್ಲರೂ ನೀರಿನ ಹಿಂದೆ ಬೀಳ್ತಾರೆ. ಗಾಳಿ ಅಂತಲೂ ಒಂದಿದೆ ಅನ್ನೋದು ಒಬ್ಬರ ತಲೆಗೂ ಹೋಗಲ್ಲ.

ಗಾಡಿ ನಮ್ಮ ಭಾವನದು. ಊರೊಳಗೆ ಓಡಾಡಿಸಿದ್ರೆ ಏನೂ ತೊಂದರೆ ಇಲ್ಲ. ನಂದಿ ಬೆಟ್ಟ ಹತ್ತೋಕೆ ಶುರು ಮಾಡಿ, ತಿರುವುಗಳಲ್ಲಿ ಸೆಕೆಂಡ್ ಗೇರಿಗೆ ಬಂದ್ರೆ ಸಾಕು, ಟೆಂಪರೇಚರ್ ಮುಳ್ಳು ಮೇಲೇಳುತ್ತೆ. 1478 ಮೀಟರ್ ಎತ್ತರದ ಬೆಟ್ಟ, ಎಂಜಿನ್ ಬೆವರದೆ ಇರುತ್ತಾ ಅಂತ ಭಾವ ಮೊದಲು ಸುಮ್ಮನಿದ್ರು. ಆಮೇಲೆ ಬಾಗೇಪಲ್ಲಿ ಕಡೆ ಹೈವೇಲೂ ಅದೇ ಕಥೆ ಆಯ್ತು. ಗ್ಯಾರೇಜ್‌ನವರು ಕೂಲೆಂಟ್ ಬದಲಾಯಿಸಿದ್ರು. ರೇಡಿಯೇಟರ್ ಫ್ಲಷ್ ಮಾಡಿದ್ರು. ಥರ್ಮೋಸ್ಟಾಟ್ ಹೊಸದು ಹಾಕಿದ್ರು. ಎಲ್ಲಾ ನೀರಿನ ಕಡೆ ರಿಪೇರಿ, ಗಮನಿಸಿ! ಇನ್ನೇನೂ ಉಳಿದಿಲ್ಲ ಅಂದ ಮೇಲೆ ಹೆಡ್ ಮೇಲೆ ಕಣ್ಣು ಬಿತ್ತು.

ನಿಮಗೆ ಗೊತ್ತಲ್ಲ, ಐಟಿಐನಲ್ಲಿ ಹುಡುಗರಿಗೆ ಇದನ್ನೇ ಹೇಳಿಕೊಟ್ಟು ಗಂಟಲು ಹರಿದುಕೊಂಡವನು ನಾನು. (ಆ ಮೆಕ್ಯಾನಿಕ್ ನನ್ನ ಶಿಷ್ಯ ಅಲ್ಲ, ಪುಣ್ಯಕ್ಕೆ.) ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಭಾವ, ಎಸಿ ಹೇಗಿದೆ?’

‘ಎಸಿನೂ ಸರಿ ಇಲ್ಲಪ್ಪ. ಮುಳ್ಳು ಏರೋಕೆ ಮುಂಚೆನೇ ತಣ್ಣಗಾಗೋದು ನಿಂತುಹೋಗುತ್ತೆ. ಗ್ಯಾಸ್ ಕಮ್ಮಿ ಇರಬೇಕು, ಆಮೇಲೆ ಹಾಕಿಸೋಣ ಅಂದ್ರು.’

ಅಲ್ಲೇ ಇತ್ತಲ್ಲ ಉತ್ತರ! ಹೆಡ್ ಗ್ಯಾಸ್ಕೆಟ್ ಹೋದ್ರೆ, ಎಂಜಿನ್ ಇನ್ನೂ ಹೀಟ್ ಆಗದೆ ಇರುವಾಗಲೇ ಎಸಿ ಯಾಕೆ ಸಪ್ಪೆಯಾಗಬೇಕು? ಮುಂದಿನಿಂದ ಲೆಕ್ಕ ಹಾಕಿ. ಗ್ರಿಲ್, ಅದರ ಹಿಂದೆ ಈಗಿನ ಕೆಲವು ಗಾಡಿಗಳಲ್ಲಿ ಮೋಟರ್‌ನಿಂದ ತೆರೆದು ಮುಚ್ಚೋ ಶಟರ್, ಅದರ ಹಿಂದೆ ಎಸಿ ಗ್ಯಾಸಿನ ಬಿಸಿ ಹೊರಗೆ ಬಿಡೋ ಕಂಡೆನ್ಸರ್, ಆಮೇಲೆ ಕೂಲೆಂಟ್ ತಣ್ಣಗೆ ಮಾಡೋ ರೇಡಿಯೇಟರ್, ಕೊನೆಗೆ ಫ್ಯಾನ್. ಕಂಡೆನ್ಸರ್ರೂ ರೇಡಿಯೇಟರ್ರೂ ಒಟ್ಟಿಗೆ ಒದ್ದಾಡ್ತಿವೆ ಅಂದ್ರೆ ಇಬ್ಬರಿಗೂ ಒಂದೇ ಕಡೆಯಿಂದ ಬರಬೇಕಾದ ಗಾಳಿ ಬರ್ತಿಲ್ಲ. ಮೂಗು ಮುಚ್ಚಿಕೊಂಡು ಬೆಟ್ಟ ಹತ್ತು ಅಂತ ಗಾಡಿಗೆ ಹೇಳಿದ ಹಾಗೆ. ಊರೊಳಗೆ ನಿಧಾನಕ್ಕೆ ಹೋಗುವಾಗ ಎಂಜಿನ್ ಮೇಲೆ ಭಾರ ಕಮ್ಮಿ, ಸಂದಿಯಲ್ಲಿ ನುಸುಳೋ ಗಾಳಿಯಲ್ಲೇ ಹೇಗೋ ನಡೆಯುತ್ತೆ. ಏರು ಬಂದಾಗ ಬಣ್ಣ ಬಯಲಾಗುತ್ತೆ.

ಮೊಬೈಲ್ ಟಾರ್ಚ್ ಹಿಡಿದು ಗ್ರಿಲ್ ಒಳಗೆ ಬಗ್ಗಿ ನೋಡಿದೆ. ಎಂಜಿನ್ ಕಾದಿದೆ, ಎಸಿ ಆನ್ ಇದೆ, ಫ್ಯಾನ್ ಬಡಕೊಳ್ತಿದೆ. ಆ ಹೊತ್ತಲ್ಲಿ ಶಟರ್ ಪೂರ್ತಿ ತೆರೆದಿರಬೇಕು. ಕಪ್ಪು ಪ್ಲಾಸ್ಟಿಕ್ ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡು ಮುಚ್ಚೇ ಇದ್ವು. ಇಗ್ನಿಷನ್ ಆಫ್ ಮಾಡಿ ಆನ್ ಮಾಡಿಸಿದೆ. ಎಷ್ಟೋ ಗಾಡಿಗಳಲ್ಲಿ ಆ ಹೊತ್ತಿಗೆ ಶಟರ್ ಒಂದು ಸಲ ಪೂರ್ತಿ ತೆರೆದು ಮುಚ್ಚಿ ತನ್ನ ಎರಡೂ ತುದಿ ನೋಡಿಕೊಳ್ಳುತ್ತೆ. ಇಲ್ಲಿ ಒಂದು ಪಟ್ಟಿ ಸ್ವಲ್ಪ ನಡುಗಿತು, ಮೋಟರ್ ಟಕ್ ಟಕ್ ಅಂತು, ಅಷ್ಟೇ.

ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದೋ ಸ್ಕ್ಯಾನರ್ ಹಾಕಿ ಅಂದೆ. ಆ ಪುಣ್ಯಾತ್ಮ ಹೇಳಿದ್ದು ಕೇಳಿ: ‘ಹಾಕಿದ್ದೆ ಸಾರ್. ಪಿ059ಎಫ್ ಅಂತ ಬಂತು. ಅದು ಬಂಪರ್ ಕಡೇದು, ಎಂಜಿನ್ದಲ್ಲ ಅಂತ ಅಳಿಸಿಬಿಟ್ಟೆ.’

ಅಳಿಸಿಬಿಟ್ಟನಂತೆ! ಗ್ರಿಲ್ ಶಟರ್ ಹೇಳಿದ ಮಾತು ಕೇಳ್ತಿಲ್ಲ ಅಂತ ಗಾಡಿನೇ ಬಾಯಿಬಿಟ್ಟು ಹೇಳ್ತಿದೆ, ಇವನು ಅದರ ಬಾಯಿ ಮುಚ್ಚಿಸಿ ಹೆಡ್ ಬಿಚ್ಚೋಕೆ ಸ್ಪ್ಯಾನರ್ ಹುಡುಕ್ತಿದ್ದಾನೆ. ಲೈವ್ ಡೇಟಾ ತೆಗೆಸಿದ್ರೆ ಇನ್ನೂ ಸ್ಪಷ್ಟ: ಕಂಪ್ಯೂಟರ್ ‘ಪೂರ್ತಿ ತೆರೆ’ ಅಂತಿದೆ, ಶಟರ್ ಇದ್ದಲ್ಲೇ ಇದೆ. ಬಂಪರ್ ಬಿಚ್ಚಿಸಿದೆ. ನಮ್ಮ ಕಡೆ ಕ್ರಷರ್ ಟಿಪ್ಪರ್‌ಗಳ ಹಿಂದೆ ಓಡಿಸಿದವರಿಗೆ ಗೊತ್ತು ಆ ಧೂಳು ಎಂಥದ್ದು ಅಂತ. ಮಳೆ ನೀರಲ್ಲಿ ಕಲಸಿಕೊಂಡು ಪಟ್ಟಿಗಳ ಪಿನ್ ಸುತ್ತ ಗಟ್ಟಿಯಾಗಿ ಕೂತಿತ್ತು. ಎರಡು ಪಟ್ಟಿ ನಡುವೆ ಒಂದು ಜಲ್ಲಿ ಚೂರು. ಕೆಳಗಿನ ಪಟ್ಟಿಯ ಪಿನ್ ಮುರಿದಿತ್ತು. ಕನೆಕ್ಟರ್ ಸರಿ ಇತ್ತು, ಮೋಟರ್ ಬಿಡಿಸಿ ನೋಡಿದ್ರೆ ಅದೂ ತಿರುಗ್ತಿತ್ತು.

ಒಂದು ಮಾತು ಹೇಳಿಬಿಡ್ತೀನಿ. ಆ ಜಲ್ಲಿ ಚೂರು ಎತ್ತಿ ಅವನ ಟೇಬಲ್ ಮೇಲೆ ಇಟ್ಟಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಈ ವಯಸ್ಸಿಗೆ ಇದೆಲ್ಲ ಬೇಕಾ ಅಂತ ಅಕ್ಕ ಫೋನಲ್ಲಿ ಬೈದಳು. ಬೈಯಲಿ.

ಅಲ್ಲೇ ಟೀ ಕುಡೀತಿದ್ದ ಒಬ್ಬರು ತಗಾದೆ ತೆಗೆದ್ರು: ‘ನಮ್ಮ ಬಿಸಿಲಿಗೆ ಈ ಶಟರ್ ಯಾಕೆ ಸಾರ್? ತಂತಿ ಹಾಕಿ ತೆರೆದು ಕಟ್ಟಿಬಿಡಿ.’ ಒಪ್ಪಿದೆ, ದಾರಿಯಲ್ಲಿ ಸಿಕ್ಕಿಹಾಕಿಕೊಂಡ್ರೆ ಮನೆ ಸೇರೋಕೆ ಹಾಗೆ ಮಾಡಿ, ತೆರೆದಿದ್ರೆ ಎಂಜಿನ್ ಸುಡಲ್ಲ. ಆದ್ರೆ ಮೋಟರ್ ಆ ತಂತಿ ಜೊತೆ ಗುದ್ದಾಡ್ತಾನೇ ಇರುತ್ತೆ, ಚೆಕ್ ಎಂಜಿನ್ ಲೈಟು ಉರೀತಾನೇ ಇರುತ್ತೆ, ನಾಳೆ ನಿಜವಾದ ತೊಂದರೆ ಬಂದಾಗ ಆ ಲೈಟನ್ನ ಯಾರು ನಂಬ್ತಾರೆ? ಬೆಳಗಿನ ಚಳಿಯಲ್ಲಿ ಎಂಜಿನ್ ಬೇಗ ಬಿಸಿಯಾಗಲಿ, ಹೈವೇಲಿ ಗಾಳಿಯ ತಡೆ ಕಮ್ಮಿಯಾಗಿ ಪೆಟ್ರೋಲ್ ಉಳಿಯಲಿ ಅಂತ ಅದನ್ನ ಇಟ್ಟಿರೋದು. ‘ಹೊಸ ಟೆಕ್ನಾಲಜಿ, ನಮಗೆ ಹೇಗೆ ಗೊತ್ತಾಗಬೇಕು’ ಅನ್ನೋ ರಾಗವೂ ಬೇಡ. ಅಮೆರಿಕದಲ್ಲಿ 2012ರ ಫೋರ್ಡ್ ಫೋಕಸ್‌ನಲ್ಲೇ ಇತ್ತು ಇದು. ಅಷ್ಟಕ್ಕೂ ಬಗ್ಗಿ ನೋಡೋಕೆ ಯಾವ ಟೆಕ್ನಾಲಜಿ ಬೇಕು?

ತೊಳೆದು, ಕೈಯಲ್ಲಿ ಆಡಿಸಿ, ಸದ್ಯಕ್ಕೆ ತೆರೆದ ಸ್ಥಿತಿಯಲ್ಲೇ ನಿಲ್ಲಿಸಿ, ಮಧ್ಯಾಹ್ನ ಬೆಟ್ಟಕ್ಕೆ ಹೋಗಿ ಬಂದ್ವಿ. ಮುಳ್ಳು ನಡು ಬಿಟ್ಟು ಕದಲಲಿಲ್ಲ, ಎಸಿ ಚಳಿ ತಡೆಯೋಕಾಗದೆ ಭಾವ ಕಿಟಕಿ ಇಳಿಸಿದ್ರು. ಗ್ಯಾಸ್ ಹಾಕಿಸಿಲ್ಲ, ಗೊತ್ತಾಯ್ತಲ್ಲ?

ಮುರಿದ ಪಟ್ಟಿ ಒಂದೇ ಸಿಗಲ್ಲ, ಪೂರ್ತಿ ಅಸೆಂಬ್ಲಿ ತಗೊಳ್ಳಿ ಅಂತಿದ್ದಾರೆ ಷೋರೂಮ್‌ನವರು. ಬೆಂಗಳೂರು ಜೆ.ಸಿ. ರೋಡ್‌ನಲ್ಲಿ ಗುಜರಿ ಬಂಪರ್ ಜೊತೆ ಬಂದ ಶಟರ್ ಇಟ್ಟಿರೋರು ಯಾರಾದ್ರೂ ಗೊತ್ತಿದ್ರೆ ಕಾಮೆಂಟಲ್ಲಿ ಹೇಳಿ. ಥರ್ಮೋಸ್ಟಾಟ್ ದುಡ್ಡು ವಾಪಸ್ ಕೇಳೋಕೆ ನಾಳೆ ನಾನೂ ಭಾವನೂ ಹೋಗ್ತಿದೀವಿ, ಅದಕ್ಕೆ ಯಾರ ಸಲಹೆಯೂ ಬೇಡ.